ಹತ್ತು ಚಂದ್ರಿಕೆ, ಒಂದು ನೀಲಿ ಬಟ್ಟೆ: ಗೂಡಿನ ಫೋಟೋದಿಂದ ಲೆಕ್ಕ ತೆಗೆದ ನನ್ನ ಅನುಭವ

ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪ ಮೂವತ್ತು ವರ್ಷದಿಂದ ರೇಷ್ಮೆ ಹುಳ ಸಾಕುತ್ತಿದ್ದಾರೆ. ಕಳೆದ ವರ್ಷ ಒಂದು ಬೆಳೆಯಲ್ಲಿ ಜೋಡಿ ಗೂಡು ವಿಪರೀತ ಬಿತ್ತು. ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ ಅದು ಜೋಡಿ ಗೂಡು. ಒಳಗೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಮಾಮೂಲಿ ರೀಲಿಂಗಿಗೆ ನೂಲು ಬಿಚ್ಚುವುದಿಲ್ಲ. ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರ್ ಗೂಡಿನ ರಾಶಿಗೆ ಕೈ ಹಾಕಿ ಎರಡು ಹಿಡಿ ಎತ್ತಿ ನೋಡಿದರೆ ಸಾಕು, ರೇಟು ಇಳಿಯುತ್ತದೆ.

"ಚಾಕೀನೇ ಸರಿ ಇರಲಿಲ್ಲ ಬಿಡು" ಅಂದರು ಚಿಕ್ಕಪ್ಪ. ಚಾಕಿ ಅಂದರೆ ಮರಿ ಹುಳದ ಮೊದಲ ದಿನಗಳ ಸಾಕಣೆ. ಚಿಕ್ಕಮ್ಮ ಒಪ್ಪಲಿಲ್ಲ. "ಅವತ್ತು ರಾತ್ರಿ ಹುಳ ಎಲ್ಲಾ ಒಂದೇ ಸಲ ಹಣ್ಣಾಯ್ತು. ಚಂದ್ರಿಕೆ ಸಾಲಲಿಲ್ಲ, ಇದ್ದಿದ್ರಲ್ಲೇ ತುಂಬಿದ್ವಿ. ಒತ್ತಾದ್ರೆ ಜೋಡಿ ಕಟ್ಟದೆ ಇನ್ನೇನ್ ಮಾಡ್ತವೆ?" ಹುಳ ಹಣ್ಣಾಗುವುದು ಅಂದರೆ ಗೂಡು ಕಟ್ಟಲು ಸಿದ್ಧವಾಗುವುದು; ಆಗ ಅದನ್ನು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಆರಡಿ-ನಾಲ್ಕಡಿ ಚಂದ್ರಿಕೆಗೆ ಸುಮಾರು ಸಾವಿರ ಹುಳ ಅನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಹುಳ ಹಣ್ಣಾದ ರಾತ್ರಿ ಯಾರು ಎಣಿಸಿ ಬಿಡುತ್ತಾರೆ?

ನಾನು ಬೆಂಗಳೂರಿನಲ್ಲಿ ಇಮೇಜ್ ಪ್ರೊಸೆಸಿಂಗ್ ಕೆಲಸ ಮಾಡುವವನು. ಮುಂದಿನ ಬೆಳೆಗೆ ಪ್ರತಿ ಚಂದ್ರಿಕೆಯ ಗೂಡನ್ನೂ ಬೇರೆಬೇರೆಯಾಗಿ ಎಣಿಸಿ, ಅದರಲ್ಲಿ ಜೋಡಿ ಎಷ್ಟು ಅಂತ ಲೆಕ್ಕ ಕೊಡುತ್ತೇನೆ ಅಂದೆ. ಹತ್ತು ಚಂದ್ರಿಕೆ, ಹತ್ತು ಸಾವಿರ ಗೂಡು. ಬಿಡಿಸಿದ ಗೂಡನ್ನು ಇಟ್ಟುಕೊಂಡು ಕೂರುವಂತಿಲ್ಲ, ಮಾರನೇ ಬೆಳಗ್ಗೆಯೇ ಮಾರ್ಕೆಟ್ಟಿಗೆ ಹೋಗಬೇಕು. ಅಂದರೆ ಇರುವುದು ಒಂದು ಸಂಜೆ, ಒಂದು ರಾತ್ರಿ.

ಈಗ ಇಂಥ ಕೆಲಸ ಅಂದ ಕೂಡಲೇ ಎಲ್ಲರೂ ಉದಾಹರಣೆ ನೋಡಿ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್ ಅನ್ನುತ್ತಾರೆ. ಅದಕ್ಕೆ ಉಣಿಸಲು ಗುರುತು ಹಾಕಿದ ಸಾವಿರಾರು ಫೋಟೋ ನನ್ನಲ್ಲಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತಪ್ಪಾದಾಗ ಯಾಕೆ ತಪ್ಪಾಯಿತು ಅಂತ ಚಿಕ್ಕಪ್ಪನಿಗೆ ಬೆರಳಿಟ್ಟು ತೋರಿಸಲು ಆಗಬೇಕಿತ್ತು. ಹಾಗಾಗಿ ಹಳೆಯ ಗಣಿತವನ್ನೇ ಹಿಡಿದೆ. ಒಂದು ಕಟ್ಟುಪಾಡು ಹಾಕಿಕೊಂಡೆ: ಪ್ರೋಗ್ರಾಮಿನಲ್ಲಿ ಬರುವ ಪ್ರತಿ ಸಂಖ್ಯೆಯೂ ಗೂಡಿನ ಅಳತೆಯಿಂದ, ಮಿಲಿಮೀಟರಿನಲ್ಲಿ ಬರಬೇಕು. ಪರದೆ ನೋಡುತ್ತಾ 'ಚೆನ್ನಾಗಿ ಕಾಣುವವರೆಗೆ' ತಿರುಗಿಸುತ್ತಾ ಕೂರುವ ಸಂಖ್ಯೆ ಒಂದೂ ಇರಬಾರದು.

ಆ ಸಂಜೆಗೆ ಮುಂಚೆಯೇ ತಾಲೀಮು ಶುರುವಾಯಿತು. ಮೊದಲ ಫೋಟೋ ಬಿಳಿ ಪಂಚೆಯ ಮೇಲೆ ತೆಗೆದೆ. ಬಿಳಿ ಗೂಡು, ಬಿಳಿ ಬಟ್ಟೆ. ಗೂಡಿಗಿಂತ ಅದರ ನೆರಳೇ ಎದ್ದು ಕಾಣುತ್ತಿತ್ತು. ಚಿಕ್ಕಮ್ಮ ಬೀರುವಿನಿಂದ ಕಡುನೀಲಿ ಬಟ್ಟೆ ತೆಗೆದುಕೊಟ್ಟರು. ಅರ್ಧ ಕೆಲಸ ಆ ಬಟ್ಟೆಯಿಂದಲೇ ಮುಗಿಯಿತು ಅಂದರೆ ತಪ್ಪಲ್ಲ. ಬಣ್ಣದ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ ಪ್ರತಿ ಪಿಕ್ಸೆಲ್ಲಿಗೂ ಇರುತ್ತವೆ. ಕೆಂಪನ್ನು ಮಾತ್ರ ತೆಗೆದುಕೊಂಡರೆ ದ್ವಿತಳಿಯ ಬಿಳಿ ಗೂಡೂ ಹೊಳೆಯುತ್ತದೆ, ಮಿಶ್ರತಳಿಯ ಹಳದಿ ಗೂಡೂ ಹೊಳೆಯುತ್ತದೆ, ನೀಲಿ ಬಟ್ಟೆ ಕತ್ತಲಾಗುತ್ತದೆ.

ಆಮೇಲೆ ಬೆಳಕು. ಹುಳದ ಮನೆಯ ಕಿಟಕಿ ಒಂದೇ ಕಡೆ. ಕಿಟಕಿ ಪಕ್ಕದ ಬಟ್ಟೆಯೂ ಮೂಲೆಯ ಗೂಡೂ ಹೆಚ್ಚುಕಡಿಮೆ ಒಂದೇ ಸಂಖ್ಯೆಗೆ ಬರುತ್ತಿದ್ದವು. ಕ್ಯಾಮೆರಾಗೆ ಕಾಣುವುದು ಬಿದ್ದ ಬೆಳಕು ಮತ್ತು ವಸ್ತು ಹಿಂದಿರುಗಿಸುವ ಪಾಲು, ಇವೆರಡರ ಗುಣಲಬ್ಧ. ಗುಣಾಕಾರ ಆಗಿದ್ದರೆ ಭಾಗಾಕಾರದಿಂದ ಬಿಡಿಸಬಹುದು: ಅದೇ ಜಾಗದಲ್ಲಿ ಬರೀ ಬಿಳಿ ಹಾಳೆ ಹಾಸಿ ಒಂದು ಫೋಟೋ, ಆಮೇಲೆ ಗೂಡಿನ ಫೋಟೋವನ್ನು ಅದರಿಂದ ಪಿಕ್ಸೆಲ್ಲಿಗೆ ಪಿಕ್ಸೆಲ್ ಭಾಗಿಸುವುದು. ಮಾಡಿದೆ, ಸರಿಹೋಗಲಿಲ್ಲ. ಒಂದು ವಾರ ತಲೆ ಕೆಡಿಸಿಕೊಂಡೆ. ಕಾರಣ ನಾನು ಕಾಲೇಜಿನಲ್ಲಿ ಓದಿ ಮರೆತದ್ದೇ ಆಗಿತ್ತು. ಫೋನು ಉಳಿಸುವ ಫೋಟೋದಲ್ಲಿ ಸಂಖ್ಯೆ ಬೆಳಕಿಗೆ ನೇರ ಅನುಪಾತದಲ್ಲಿ ಇರುವುದಿಲ್ಲ. 255 ಪೂರ್ತಿ ಬಿಳಿ ಆದರೆ 128 ಅದರ ಅರ್ಧ ಬೆಳಕಲ್ಲ, ಸುಮಾರು ಶೇ. 22 ಮಾತ್ರ. ಆ ಬಾಗನ್ನು ಮೊದಲು ನೇರ ಮಾಡಿ, ನಂತರ ಭಾಗಿಸಬೇಕು. ಹಾಗೆ ಮಾಡಿದ ದಿನ ಕಿಟಕಿಯ ಗುರುತು ಬಹುಮಟ್ಟಿಗೆ ಅಳಿಸಿಹೋಯಿತು.

ಅಳತೆ ಮಿಲಿಮೀಟರಿನಲ್ಲಿ ಬೇಕಾದರೆ ಫೋಟೋ ನೆಟ್ಟಗಿರಬೇಕು. 60 ಸೆಂ.ಮೀ. ಅಗಲ, 80 ಸೆಂ.ಮೀ. ಉದ್ದದ ಮರದ ಚೌಕಟ್ಟು ಮಾಡಿಸಿ, ನಾಲ್ಕು ಮೂಲೆಗೂ ಗುರುತು ಹಚ್ಚಿದೆ. ಸಮತಟ್ಟು ನೆಲವನ್ನು ಫೋಟೋಗೆ ಹೊಂದಿಸುವ ನಿಯಮ ಒಂದು 3×3 ಮ್ಯಾಟ್ರಿಕ್ಸ್, ಅಂದರೆ ಒಂಬತ್ತು ಸಂಖ್ಯೆಗಳ ಚೌಕ. ಒಟ್ಟಾರೆ ಗಾತ್ರ ಲೆಕ್ಕಕ್ಕಿಲ್ಲವಾದ್ದರಿಂದ ಅದರಲ್ಲಿ ತಿಳಿಯದವು 8. ಒಂದೊಂದು ಮೂಲೆ ಎರಡೆರಡು ಸಮೀಕರಣ ಕೊಡುತ್ತದೆ, ನಾಲ್ಕು ಮೂಲೆಗೆ 8. ಸಾಕು. ಆದರೆ ಗೂಡು ನೆಲದಂತೆ ಚಪ್ಪಟೆಯಲ್ಲ, ಅದರ ದಪ್ಪನೆಯ ಭಾಗ ನೆಲದಿಂದ ಸುಮಾರು 10 ಮಿ.ಮೀ. ಮೇಲಿರುತ್ತದೆ. ಅರ್ಧ ಮೀಟರ್ ಎತ್ತರದಿಂದ ತೆಗೆದರೆ ಉದ್ದ ಶೇ. 2ರಷ್ಟು ಹಿಗ್ಗಿ ಕಾಣುತ್ತದೆ, ಒಂದು ಮೀಟರಿನಿಂದ ಶೇ. 1. ಹಾಗಾಗಿ ಫೋನನ್ನು ತೊಲೆಗೆ ಕಟ್ಟಿ ಒಂದು ಮೀಟರ್ ಎತ್ತರಕ್ಕೆ ನಿಲ್ಲಿಸಿದೆ. ಒಂದು ಮಿ.ಮೀ.ಗೆ ಸುಮಾರು 3 ಪಿಕ್ಸೆಲ್ ಸಿಕ್ಕಿತು.

ಗೂಡು ಯಾವುದು, ಬಟ್ಟೆ ಯಾವುದು ಅನ್ನುವುದಕ್ಕೆ ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದ ವಿಧಾನ. ಎಲ್ಲ ಪಿಕ್ಸೆಲ್ಲುಗಳನ್ನೂ ಹೊಳಪಿನ ಪ್ರಕಾರ ರಾಶಿ ಹಾಕಿದರೆ ಎರಡು ಗುಡ್ಡೆ ಕಾಣುತ್ತವೆ, ಕತ್ತಲ ಗುಡ್ಡೆ ಬಟ್ಟೆ, ಬೆಳಕಿನ ಗುಡ್ಡೆ ಗೂಡು. ಎಲ್ಲಿ ಗೆರೆ ಎಳೆಯಬೇಕು? ಪ್ರತಿ ಸಂಭವನೀಯ ಗೆರೆಗೂ ಎರಡು ಗುಡ್ಡೆಗಳ ಪಾಲನ್ನು ಗುಣಿಸಿ, ಅದನ್ನು ಅವುಗಳ ಸರಾಸರಿಗಳ ಅಂತರದ ವರ್ಗದಿಂದ ಗುಣಿಸಿ; ಅತಿ ದೊಡ್ಡ ಉತ್ತರ ಕೊಟ್ಟದ್ದೇ ಗೆರೆ. ಇದು ಕೈಕೊಟ್ಟದ್ದು ಒಂದೇ ಕಡೆ. ಚಂದ್ರಿಕೆಯ ಕೊನೆಗೆ ಉಳಿದ ಹತ್ತಿಪ್ಪತ್ತು ಗೂಡಿನ ಫೋಟೋದಲ್ಲಿ ಬಟ್ಟೆಯ ಗುಡ್ಡೆಯೇ ಬೆಟ್ಟದಷ್ಟಾಗಿ, ಗೆರೆ ಬಟ್ಟೆಯ ಮಡಿಕೆಗೂ ಮಟ್ಟಸ ಭಾಗಕ್ಕೂ ನಡುವೆ ಬಿತ್ತು. ಅದೇ ಬೆಳಕಿನಲ್ಲಿ ತೆಗೆದ ತುಂಬಿದ ಫೋಟೋದ ಗೆರೆಯನ್ನೇ ಅದಕ್ಕೂ ಬಳಸಿದೆ.

ಗೂಡಿನ ಸುತ್ತ ಇರುವ ಸಡಿಲ ಎಳೆ ಪಕ್ಕಪಕ್ಕದ ಗೂಡುಗಳ ನಡುವೆ ಸೇತುವೆ ಕಟ್ಟುತ್ತದೆ. ಅದಕ್ಕೆ ಅಂಚನ್ನು ಒಂದೂವರೆ ಮಿ.ಮೀ. ಸವೆಸಿ, ಮತ್ತೆ ಅಷ್ಟೇ ಬೆಳೆಸಿದರೆ ತೆಳು ಎಳೆ ಮಾಯವಾಗುತ್ತದೆ, ಗೂಡು ಹಾಗೇ ಉಳಿಯುತ್ತದೆ. ಈ ಗಣಿತ 1964ರ ಸುಮಾರಿಗೆ ಪ್ಯಾರಿಸ್ಸಿನ ಗಣಿ ವಿದ್ಯಾಲಯದಲ್ಲಿ ಜಾರ್ಜ್ ಮಾಥೆರಾನ್ ಮತ್ತು ಝಾನ್ ಸೆರಾ ಅವರಿಂದ ಹುಟ್ಟಿತು, ಅವರ ಮುಂದಿದ್ದದ್ದು ಕಬ್ಬಿಣದ ಅದಿರಿನ ಚಿತ್ರಗಳು. 2007ರವರೆಗೆ ನಮ್ಮದೂ ಕೋಲಾರ ಜಿಲ್ಲೆಯೇ ಆಗಿತ್ತು. ಚಿನ್ನದ ಗಣಿಯ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಗಣಿಯಿಂದ ಬಂದ ಗಣಿತ ರೇಷ್ಮೆಗೆ ಒದಗಿದ್ದು ಖುಷಿ ಕೊಟ್ಟಿತು.

ಇಷ್ಟಾದರೂ ಒಂದಕ್ಕೊಂದು ತಾಗಿ ಮಲಗಿದ ಗೂಡುಗಳು ಒಂದೇ ಮುದ್ದೆಯಾಗಿ ಕಾಣುತ್ತಿದ್ದವು. ಇಲ್ಲಿ ಬಂದದ್ದು ಜಲಾನಯನ ವಿಧಾನ. ಸೆರ್ಜ್ ಬ್ಯೂಷೆ ಮತ್ತು ಕ್ರಿಸ್ತಿಯಾನ್ ಲಾಂಟ್ವೆಜುಲ್ ಅವರದ್ದು, ಅದೂ 1979ರದ್ದೇ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಮುದ್ದೆಯ ಒಳಗಿನ ಪ್ರತಿ ಪಿಕ್ಸೆಲ್ಲಿಗೂ ಹತ್ತಿರದ ಅಂಚು ಎಷ್ಟು ದೂರ ಅಂತ ಬರೆಯಿರಿ. ಅಂಚಿನಲ್ಲಿ ಸೊನ್ನೆ, ಗೂಡಿನ ನಡುವಿಗೆ ಬಂದಂತೆ ಹೆಚ್ಚು. ಆ ದೂರವನ್ನೇ ಆಳ ಅಂದುಕೊಳ್ಳಿ. ಒಂದೊಂದು ಗೂಡೂ ಒಂದೊಂದು ಕೆರೆಯಾಯಿತು. ಈಗ ತಳದಿಂದ ನೀರು ಏರಿಸುತ್ತಾ ಬನ್ನಿ. ಒಂದು ಕೆರೆ ಕೋಡಿ ಬಿದ್ದು ಪಕ್ಕದ ಕೆರೆಯ ನೀರು ಮುಟ್ಟುವ ಜಾಗದಲ್ಲಿ ಏರಿ ಕಟ್ಟಿ. ಆ ಏರಿಯೇ ಎರಡು ಗೂಡುಗಳ ನಡುವಿನ ಗಡಿ.

ಚಿಕ್ಕಪ್ಪ ಪರದೆ ನೋಡಿ, "ಏನಪ್ಪಾ, ಒಂದು ಗೂಡಿನ ನಡುವೇನೇ ಏರಿ ಹಾಕವ್ನಲ್ಲ ನಿನ್ನ ಯಂತ್ರ" ಅಂದರು. ನಿಜ. ಕೈಯಲ್ಲಿ ಎಣಿಸಿದಾಗ 212 ಇದ್ದದ್ದನ್ನು ಪ್ರೋಗ್ರಾಮು 231 ಅಂದಿತ್ತು. ಕೆಲವು ಗೂಡಿನ ನಡು ಕಡಲೆಕಾಯಿಯ ಹಾಗೆ ಸ್ವಲ್ಪ ಸಣ್ಣಗಿರುತ್ತದೆ. ಅಂಥದ್ದರಲ್ಲಿ ಎರಡು ಹಳ್ಳ, ಎರಡು ಕೆರೆ. ಪುಸ್ತಕದ ಉಪಾಯ: ನಡುವಿನ ದಿಬ್ಬ ಒಂದು ಮಿತಿಗಿಂತ ತಗ್ಗಾಗಿದ್ದರೆ ಎರಡು ಹಳ್ಳವನ್ನೂ ಒಂದೇ ಕೆರೆಯಾಗಿ ಎಣಿಸು. ಮಿತಿ ಎಷ್ಟು?

ಆ ರಾತ್ರಿ ಕ್ಯಾಲಿಪರ್ಸ್ ಹಿಡಿದು ಕೂತೆ. ಕಡಲೆಕಾಯಿ ಗೂಡಿನ ಹೊಟ್ಟೆಯ ಅರ್ಧ ಅಗಲ ಸುಮಾರು 9 ಮಿ.ಮೀ., ನಡುವಿನದು 8. ಅಂದರೆ ದಿಬ್ಬದ ಎತ್ತರ ಒಂದೇ ಮಿ.ಮೀ. ಇನ್ನು ಎರಡು ಬೇರೆ ಗೂಡುಗಳು ಅಂಟಿದಾಗ? ತುದಿಗೆ ತುದಿ ತಾಗಿದರೆ ಕತ್ತು ಸಣ್ಣದು, ತೊಂದರೆಯೇ ಇಲ್ಲ. ಕಷ್ಟವಾದದ್ದು ಉದ್ದುದ್ದಕ್ಕೆ ಅಂಟಿ ಮಲಗಿದಾಗ. ಗೂಡನ್ನು 17 ಮತ್ತು 9 ಮಿ.ಮೀ. ಅರ್ಧ ಅಕ್ಷಗಳ ದೀರ್ಘವೃತ್ತ ಅಂದುಕೊಂಡು, ನಡುವಿನ ಒಂದು ಮಿ.ಮೀ.ವರೆಗಿನ ಸಂದಿಯನ್ನು ಎಳೆ ಮುಚ್ಚಿದೆ ಅಂತ ಇಟ್ಟುಕೊಂಡು ಹಾಳೆಯ ಮೇಲೆ ಲೆಕ್ಕ ಹಾಕಿದೆ: ಕತ್ತಿನ ಅರ್ಧ ಅಗಲ ಐದೂವರೆ ಮಿ.ಮೀ. ಚಿಲ್ಲರೆ. ಹೊಟ್ಟೆಯ 9ರಿಂದ ಕಳೆದರೆ ದಿಬ್ಬ ಮೂರೂವರೆಯ ಹತ್ತಿರ. ಒಂದೇ ಗೂಡಾದರೆ 1, ಎರಡಾದರೆ ಕೆಟ್ಟ ಸಂದರ್ಭದಲ್ಲೂ 3ಕ್ಕಿಂತ ಮೇಲೆ. ಮಿತಿ 2 ಮಿ.ಮೀ. ಅಂತ ಬರೆದೆ. ಅದೇ ಫೋಟೋಗೆ ಮತ್ತೆ ಓಡಿಸಿದಾಗ ಬಂದ ಉತ್ತರ 213. ಹೆಚ್ಚಾದ ಆ ಒಂದನ್ನು ಹುಡುಕಿದೆವು. ಚೌಕಟ್ಟಿನ ಮೂಲೆಯಲ್ಲಿ ಬಿದ್ದಿದ್ದ ಒಣಗಿದ ಹಿಪ್ಪುನೇರಳೆ ಎಲೆಯ ತುಂಡು. ಆಮೇಲೆ ಆ ಎರಡು ಮಿ.ಮೀ. ಬದಲಾಯಿಸುವ ಪ್ರಮೇಯವೇ ಬರಲಿಲ್ಲ.

ಬೇರೆಯಾದ ಪ್ರತಿ ಗೂಡಿಗೂ ಆಕಾರ ಅಳೆಯಬೇಕು. ಪಿಕ್ಸೆಲ್ಲುಗಳು ಯಾವ ಕಡೆಗೆ ಎಷ್ಟು ಹರಡಿವೆ ಅಂತ ಹೇಳುವ 2×2 ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಮಾಡಿ, ಅದರ ಎರಡು ಐಗನ್ ಮೌಲ್ಯ (ಉದ್ದಕ್ಕೆ ಮತ್ತು ಅಡ್ಡಕ್ಕೆ ಇರುವ ಹರಡುವಿಕೆಯ ಅಳತೆ) ತೆಗೆದರೆ, ದೊಡ್ಡದರ ವರ್ಗಮೂಲದ ನಾಲ್ಕರಷ್ಟು ಗೂಡಿನ ಉದ್ದ, ಚಿಕ್ಕದರ ವರ್ಗಮೂಲದ ನಾಲ್ಕರಷ್ಟು ಅಗಲ. ಗೂಡು ಹೇಗೆ ತಿರುಗಿ ಬಿದ್ದಿದ್ದರೂ ಉತ್ತರ ಅದೇ. ಜೋಡಿ ಗೂಡು ಗಾತ್ರದಲ್ಲಿ ದೊಡ್ಡದು, ಆಕಾರದಲ್ಲಿ ಹೆಚ್ಚು ಗುಂಡು. ಎರಡೂ ಇದ್ದರೆ ಮಾತ್ರ ಜೋಡಿ ಅಂತ ಗುರುತು. ನಂಬಿಕೆಗೆ 60 ಗುರುತಿನ ಗೂಡುಗಳನ್ನು ಚಿಕ್ಕಮ್ಮ ಬ್ಲೇಡಿನಲ್ಲಿ ಕೊಯ್ದು ನೋಡಿದರು. 54ರಲ್ಲಿ ಎರಡೆರಡು ಕೋಶ (ಗೂಡಿನೊಳಗೆ ಹುಳ ತಳೆಯುವ ರೂಪ), ಉಳಿದವು ಬರೀ ದಪ್ಪ ಗೂಡು. ಒಳಗಿನ ಹುಳ ಸತ್ತಿದೆಯೋ ಇಲ್ಲವೋ, ಪದರ ಎಷ್ಟು ಗಟ್ಟಿ, ಇದ್ಯಾವುದೂ ಈ ಫೋಟೋದಲ್ಲಿ ಇಲ್ಲ. ಚಿಕ್ಕಪ್ಪ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದನ್ನು ಹೇಳುತ್ತಾರೆ. ಕಲೆಗೂಡಿನ ಲೆಕ್ಕವನ್ನೂ ಕೈಬಿಟ್ಟೆ; ಮೇಲಿನಿಂದ ಒಂದು ಮಗ್ಗುಲು ಮಾತ್ರ ಕಾಣುತ್ತದೆ.

ಗೂಡು ಬಿಡಿಸಿದ ಸಂಜೆ ಹತ್ತೂ ಚಂದ್ರಿಕೆಯ ಗೂಡನ್ನು ಬೇರೆಬೇರೆ ಮಂಕರಿಯಲ್ಲಿ ಇಟ್ಟು, ಒಂದೊಂದಕ್ಕೂ ಮೂರ್ನಾಲ್ಕು ಫೋಟೋ ತೆಗೆದೆವು. ಲೆಕ್ಕ ಬರೆಯುವಾಗ ಹೊಳೆದದ್ದು ಇದು: ಚಂದ್ರಿಕೆಗೆ ಎಷ್ಟು ಹುಳ ಬಿಟ್ಟಿದ್ದರು ಅಂತ ಬೇರೆ ಎಣಿಸಬೇಕಾಗಿಯೇ ಇಲ್ಲ. ಒಂಟಿ ಗೂಡಿಗೆ ಒಂದು, ಜೋಡಿಗೆ ಎರಡು. ಕೂಡಿಸಿದರೆ ಗೂಡು ಕಟ್ಟಿದ ಹುಳದ ಸಂಖ್ಯೆ. ಒಂದೇ ಫೋಟೋದಲ್ಲಿ ಒತ್ತೂ ಇತ್ತು, ಅದರ ಫಲವೂ ಇತ್ತು. ಚಂದ್ರಿಕೆಗಳಲ್ಲಿ 850ರಿಂದ 1,400 ಹುಳದವರೆಗೆ ವ್ಯತ್ಯಾಸ. ಹತ್ತು ಚುಕ್ಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಪೆನ್ನಿನಲ್ಲೇ ಇಟ್ಟು ತೋರಿಸಿದೆ: ಅಡ್ಡಕ್ಕೆ ಹುಳದ ಸಂಖ್ಯೆ, ಮೇಲಕ್ಕೆ ಜೋಡಿ ಗೂಡಿನ ಪಾಲು. ಸಾವಿರದೊಳಗಿದ್ದ ನಾಲ್ಕೂ ಚಂದ್ರಿಕೆ ಕೆಳಗೆ, ರಾತ್ರಿ ಹನ್ನೊಂದರ ಮೇಲೆ ತುಂಬಿದ ಮೂರು ಎಲ್ಲಕ್ಕಿಂತ ಮೇಲೆ. ಹತ್ತಕ್ಕೂ ಬಿಟ್ಟಿದ್ದು ಒಂದೇ ಚಾಕಿಯ ಹುಳ, ಹಾಗಾಗಿ ಚಂದ್ರಿಕೆಯಿಂದ ಚಂದ್ರಿಕೆಗೆ ಬಂದ ಈ ವ್ಯತ್ಯಾಸವನ್ನು ಚಾಕಿಯ ತಲೆಗೆ ಕಟ್ಟುವಂತಿಲ್ಲ.

ಚಿಕ್ಕಪ್ಪ ಹಾಳೆಯನ್ನು ತುಂಬ ಹೊತ್ತು ನೋಡಿದರು. "ಈ ಮೂರು ನಾನೇ ತುಂಬಿದ್ದು" ಅಂದರು. ಈ ಬೆಳೆಗೆ ಮೂರು ಚಂದ್ರಿಕೆ ಹೆಚ್ಚಿಗೆ ಬಾಡಿಗೆಗೆ ತಂದಿದ್ದಾರೆ. ನಾಳಿದ್ದು ಗೂಡು ಬಿಡಿಸುತ್ತಾರೆ. ಚಿಕ್ಕಮ್ಮ ನೀಲಿ ಬಟ್ಟೆಯನ್ನು ಒಗೆದು, ಮಡಿಕೆ ಬೀಳದಂತೆ ಕೋಲಿಗೆ ಸುತ್ತಿ ಇಟ್ಟಿದ್ದಾರಂತೆ.