12 ಕಿಲೋಮೀಟರ್ ಕೊರೆದವರಿಗೆ 2,890 ಹೇಗೆ ಗೊತ್ತಾಯಿತು?

ಪದವಿಯಲ್ಲಿ ಭೂಭೌತವಿಜ್ಞಾನದ ಪರಿಚಯ ಪೇಪರ್ ತೆಗೆದುಕೊಂಡಾಗ ಮೊದಲ ಮೂರು ವಾರ ನಾನು ಮಾಡಿದ್ದು ಬರೀ ಬಾಯಿಪಾಠ. ಭೂಮಿಯ ತೆಳು ಹೊರಪದರದ ಕೆಳಗಿನ ದಪ್ಪ ಕಲ್ಲಿನ ಪದರ, ಅಂದರೆ ಮ್ಯಾಂಟಲ್, ಸುಮಾರು 2,890 ಕಿ.ಮೀ. ಆಳದವರೆಗೆ. ಅದರ ಕೆಳಗೆ ದ್ರವದ ಹೊರತಿರುಳು. 5,150 ಕಿ.ಮೀ. ದಾಟಿದ ಮೇಲೆ ಗಟ್ಟಿ ಒಳತಿರುಳು. ಕೇಳಿದರೆ ಥಟ್ಟನೆ ಹೇಳುತ್ತಿದ್ದೆ. ಒಂದು ದಿನ ಮೇಷ್ಟ್ರು ಕೇಳಿದರು: "ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದ್ದು, 12 ಕಿ.ಮೀ. ಚಿಲ್ಲರೆ. ಮತ್ತೆ ಈ 2,890 ಎಲ್ಲಿಂದ ಬಂತು?" ನನಗೆ ಉತ್ತರ ಹೊಳೆಯಲಿಲ್ಲ.

ಅವತ್ತು ಒಂದು ಹೊಸ ನೋಟ್‌ಬುಕ್ ತೆರೆದೆ. ನಿಯಮ ಒಂದೇ: ಯಾವ ಸಂಖ್ಯೆಯೂ ಸುಮ್ನೆ ಬರಬಾರದು, ಅದನ್ನು ಯಾವ ಅಳತೆಯಿಂದ ಪಡೆದರು ಅಂತ ಪಕ್ಕದಲ್ಲಿ ಬರೆದಿರಬೇಕು.

ಮೊದಲು ಭೂಮಿಯ ದ್ರವ್ಯರಾಶಿ. ಗುರುತ್ವ ವೇಗೋತ್ಕರ್ಷ 9.8, ತ್ರಿಜ್ಯ 6,371 ಕಿ.ಮೀ., ಜೊತೆಗೆ ನ್ಯೂಟನ್ನನ ಗುರುತ್ವ ಸ್ಥಿರಾಂಕ. ಇಷ್ಟು ಇದ್ದರೆ ಸಾಕು. ಬಂದ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದೆ. ಸರಾಸರಿ ಸಾಂದ್ರತೆ ನೀರಿನ ಐದೂವರೆ ಪಟ್ಟು ಬಂತು. ಕೈಗೆ ಸಿಗುವ ಗ್ರಾನೈಟ್ ಕಲ್ಲಿನದು ಬರೀ 2.7. ಅಂದಮೇಲೆ ಒಳಗೆಲ್ಲೋ ತುಂಬಾ ಭಾರವಾದ ವಸ್ತು ಇರಲೇಬೇಕು, ಅಲ್ವಾ? ಈ ಲೆಕ್ಕ ಅರ್ಧ ಪುಟ ಕೂಡ ಆಗಲಿಲ್ಲ.

ಆದರೆ ಆ ಭಾರ ಎಲ್ಲಿದೆ? ನಡುವೆ ಗುಡ್ಡೆಯಾಗಿದೆಯೋ, ಎಲ್ಲ ಕಡೆ ಹರಡಿದೆಯೋ? ಇದನ್ನು ಹೇಳುವುದು ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ಒಂದು ವಸ್ತುವನ್ನು ತಿರುಗಿಸುವುದು ಎಷ್ಟು ಕಷ್ಟ ಎಂಬುದರ ಅಳತೆ. ಎಲ್ಲ ಕಡೆ ಒಂದೇ ಸಾಂದ್ರತೆಯ ಗೋಳಕ್ಕೆ ಅದರ ಗುಣಾಂಕ 0.4. ಭಾರ ಕೇಂದ್ರದ ಕಡೆ ಸೇರಿದಷ್ಟೂ ಅದು ಕಡಿಮೆಯಾಗುತ್ತದೆ. ಭೂಮಿಗೆ ಇದನ್ನು ಅಳೆಯುವ ರೀತಿ ನನಗೆ ಬಹಳ ಇಷ್ಟವಾಯಿತು. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಬುಗುರಿಯ ಹಾಗೆ ಓಲಾಡಿ ಒಂದು ಸುತ್ತು ಮುಗಿಸುತ್ತದೆ. ಅದರಿಂದ ಒಂದು ಅನುಪಾತ ಸಿಗುತ್ತದೆ, ಸುಮಾರು 305ರಲ್ಲಿ ಒಂದು ಭಾಗ. ಉಪಗ್ರಹಗಳ ಕಕ್ಷೆ ಭೂಮಿಯ ಉಬ್ಬಿದ ನಡುವಿನಿಂದ ನಿಧಾನವಾಗಿ ತಿರುಗುವುದರಿಂದ ಇನ್ನೊಂದು ಸಿಗುತ್ತದೆ, 0.00108. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಭೂಮಿಯ ಗುಣಾಂಕ, 0.33. ಅದು 0.4ಕ್ಕಿಂತ ಕಡಿಮೆ, ಅಂದರೆ ಭಾರ ನಡುವಿನ ಕಡೆಗೇ ಸೇರಿದೆ. ಆಕಾಶ ನೋಡಿ ಪಾತಾಳದ ಸುದ್ದಿ ತಿಳಿಯುವುದು ಅಂದರೆ ಇದೇ!

ಈಗ ದ್ರವ್ಯರಾಶಿಗೊಂದು, ಈ ಗುಣಾಂಕಕ್ಕೊಂದು, ಎರಡು ಸಮೀಕರಣ ಸಿಕ್ಕವು. ಗೊತ್ತಿಲ್ಲದ್ದು ಮೂರು: ಮ್ಯಾಂಟಲ್ ಸಾಂದ್ರತೆ, ತಿರುಳಿನ ಸಾಂದ್ರತೆ, ತಿರುಳಿನ ತ್ರಿಜ್ಯ. ಮೂರನೆಯದಕ್ಕೆ ಭೂಕಂಪದ ಅಲೆಗಳೇ ಬೇಕು.

ಲ್ಯಾಬಿನಲ್ಲಿ ನಮಗೆ ಸೈಸ್ಮೋಗ್ರಾಂ, ಅಂದರೆ ನೆಲದ ಕಂಪನದ ದಾಖಲೆ ಕೊಟ್ಟು, ಮೊದಲು ಬರುವ ಪಿ ಅಲೆ ಮತ್ತು ಅದರ ಹಿಂದೆ ನಿಧಾನವಾಗಿ ಬರುವ ಎಸ್ ಅಲೆ ಬಂದ ಹೊತ್ತನ್ನು ಗುರುತಿಸಲು ಹೇಳಿದರು. ಹತ್ತಿರದ ಕಂಪನಕ್ಕೆ ಇವೆರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ದೂರ ಹೆಚ್ಚುಕಡಿಮೆ ಕಿಲೋಮೀಟರಿನಲ್ಲಿ ಬರುತ್ತದೆ. ಪಿ ಸುಲಭ. ಎಸ್ ಮಾತ್ರ ಪಿ ಅಲೆಯ ಬಾಲದಲ್ಲಿ ಮುಚ್ಚಿಹೋಗಿರುತ್ತದೆ. ನಾನು ಹತ್ತು ಸೆಕೆಂಡು ತಡವಾಗಿ ಗುರುತು ಹಾಕಿ ದೂರದಲ್ಲಿ 80 ಕಿ.ಮೀ. ತಪ್ಪಿದೆ. ಲಂಬ ಗೆರೆ ಬಿಟ್ಟು ಅಡ್ಡ ಚಲನೆಯ ಗೆರೆ ನೋಡಲು ಕಲಿತ ಮೇಲೆ ಸರಿಹೋಯಿತು. ಎಸ್ ಅಲೆ ನೆಲವನ್ನು ಅಡ್ಡಡ್ಡ ಅಲ್ಲಾಡಿಸುತ್ತದೆ, ಹಾಗಾಗಿ ಅಲ್ಲೇ ಅದು ಚೆನ್ನಾಗಿ ಕಾಣುತ್ತದೆ.

ದೂರದ ಭೂಕಂಪಗಳಲ್ಲಿ ಸುಮಾರು 104 ಡಿಗ್ರಿ (ಭೂಮಿಯ ಕೇಂದ್ರದಿಂದ ಅಳೆದ ಕೋನದಲ್ಲಿ ದೂರ) ದಾಟಿದ ಮೇಲೆ ನೇರ ಪಿ ಅಲೆ ಮಂಕಾಗುತ್ತದೆ, 140ರ ಆಚೆ ಮತ್ತೆ ಜೋರಾಗಿ ಬರುತ್ತದೆ. ನಡುವೆ ನೆರಳು, ತಿರುಳು ಅಲೆಗಳ ದಾರಿಯನ್ನು ಬಾಗಿಸುವುದರಿಂದ. ಓಲ್ಡ್‌ಹ್ಯಾಮ್ ಎಂಬ ಭೂವಿಜ್ಞಾನಿ 1906ರಲ್ಲಿ ತಿರುಳು ಇದೆ ಎಂದು ಅಲೆಗಳಿಂದಲೇ ತೋರಿಸಿದರು. 1914ರ ಹೊತ್ತಿಗೆ ಗುಟೆನ್‌ಬರ್ಗ್ ಎಂಬ ಭೂಕಂಪ ವಿಜ್ಞಾನಿ ಅದರ ಅಂಚಿನ ಆಳ 2,900 ಕಿ.ಮೀ. ಎಂದು ಲೆಕ್ಕ ಹಾಕಿದರು. ಮೇಷ್ಟ್ರ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನನ್ನದೊಂದು ತಪ್ಪು ಕಲ್ಪನೆಯೂ ಇಲ್ಲೇ ಹೋಯಿತು. ಮ್ಯಾಂಟಲ್ ಅಂದರೆ ಕರಗಿದ ಕಲ್ಲು ಅಂದುಕೊಂಡಿದ್ದೆ. ಎಸ್ ಅಲೆ ದ್ರವದಲ್ಲಿ ಸಾಗುವುದಿಲ್ಲ, ಮ್ಯಾಂಟಲ್‌ನಲ್ಲಿ ಆರಾಮಾಗಿ ಸಾಗುತ್ತದೆ. ಅದು ಗಟ್ಟಿ. ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಹರಿಯುವ ಗಟ್ಟಿ.

6,371ರಿಂದ ಆ 2,890 ಕಳೆದು, ತಿರುಳಿನ ತ್ರಿಜ್ಯ ಸುಮಾರು 3,480 ಎಂದು ಹಾಕಿ ಸಮೀಕರಣ ಬಿಡಿಸಿದೆ. ಸಾಂದ್ರತೆ ಮ್ಯಾಂಟಲ್‌ಗೆ ನೀರಿನ 4.15 ಪಟ್ಟು, ತಿರುಳಿಗೆ 12.5 ಪಟ್ಟು ಬಂತು. ಪುಸ್ತಕದ ಸರಾಸರಿಗಳು ಸುಮಾರು 4.5 ಮತ್ತು 11. ಎರಡು ದಿನ ಗುಣಾಕಾರದ ತಪ್ಪು ಹುಡುಕಿದೆ, ಸಿಗಲಿಲ್ಲ. ತಪ್ಪು ಲೆಕ್ಕದಲ್ಲಿರಲಿಲ್ಲ, ಮಾದರಿಯಲ್ಲಿತ್ತು. ಮ್ಯಾಂಟಲ್ ಮೇಲಿಂದ ಕೆಳಗೆ ಒಂದೇ ಸಾಂದ್ರತೆ ಎಂದು ಇಟ್ಟುಕೊಂಡಿದ್ದೆ. ನಿಜದಲ್ಲಿ ಆಳಕ್ಕೆ ಹೋದಂತೆ ಒತ್ತಡಕ್ಕೆ ಕಲ್ಲು ದಟ್ಟವಾಗುತ್ತದೆ, ಅದರ ಭಾರವೂ ಕೆಳಗಡೆಯೇ ಜಾಸ್ತಿ. ನನ್ನ ಮಾದರಿಗೆ ಅದು ಗೊತ್ತಿಲ್ಲ. 0.33 ಬರಿಸಲು ಅದು ಭಾರವನ್ನೆಲ್ಲ ತಿರುಳಿಗೆ ತಳ್ಳಿತ್ತು. ಇಡೀ ಕೋರ್ಸಿನಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಆ ಎರಡು ದಿನ.

ಆಮೇಲೆ ಮ್ಯಾಂಟಲ್ಲನ್ನು ನಾಲ್ಕು ಪದರ ಮಾಡಿ, ಕೆಳಗೆ ಹೋದಂತೆ ಸಾಂದ್ರತೆ ಏರಿಸುತ್ತಾ ಮತ್ತೆ ಶುರು ಮಾಡಿದೆ. ತಿರುಳಿನ ಸಾಂದ್ರತೆ 11ರ ಹತ್ತಿರ ಇಳಿಯಿತು. ಅದನ್ನಿಟ್ಟು ತಿರುಳಿನ ಅಂಚಿನಲ್ಲಿ ಗುರುತ್ವ ಎಷ್ಟು ಅಂತ ನೋಡಿದೆ: 10.7. ಮೇಲ್ಮೈಗಿಂತ ಜಾಸ್ತಿ!