ಮಂಡಿಯ ಹಳೇ 486ರಿಂದ ಖಾತೆ ತೆಗೆದದ್ದು

ಹಳೇ 486 (90ರ ದಶಕದ ಆರಂಭದ ಚಿಪ್ಪಿನ) ಕಂಪ್ಯೂಟರ್ ಕೈಗೆ ಸಿಕ್ಕಿದ ಕೂಡಲೇ ಆನ್ ಮಾಡಿ ನೋಡೋಣ ಅನ್ನಿಸುತ್ತೆ. ಮಾಡಬೇಡಿ. ಮೊದಲು ಕ್ಯಾಬಿನೆಟ್ ಬಿಚ್ಚಿ. ಕೀಬೋರ್ಡ್ ಸಾಕೆಟ್ ಹತ್ತಿರ ಪೀಪಾಯಿ ಆಕಾರದ ಬ್ಯಾಟರಿ ಇದ್ದರೆ ಅದು ಸೋರಿರುತ್ತೆ ಅಂತಲೇ ಲೆಕ್ಕ.

90ರ ದಶಕದಲ್ಲಿ ನಾನು ದಾವಣಗೆರೆಯ ಒಂದು ಮಂಡಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಮೆಕ್ಕೆಜೋಳ, ಹತ್ತಿ, ಶೇಂಗಾ ವ್ಯಾಪಾರ. ಆಗಿನ ಮಷೀನು ಅಂಗಡಿಯ ಅಟ್ಟದ ಮೇಲೇ ಉಳಿದಿತ್ತು. ಹೋದ ವರ್ಷ ಸಾಹುಕಾರ್ರು ಫೋನ್ ಮಾಡಿದರು. "ಆ ಡಬ್ಬಿಯಾಗ ನಮ್ಮ ಹಳೇ ಖಾತೆ ಅದಾವಲ್ಲಪ್ಪಾ, ತಗಿಯಾಕ್ ಬರ್ತೈತೇನು?"

ಬ್ಯಾಟರಿ ಸೋರಿಯೇ ಇತ್ತು. ಹಸಿರು ಕಿಲುಬು ಕಟ್ಟಿ, ಬೋರ್ಡಿನ ಒಂದೆರಡು ತಾಮ್ರದ ಗೆರೆಗಳನ್ನ ತಿಂದು ಹಾಕಿತ್ತು. ಬ್ಯಾಟರಿ ಕತ್ತರಿಸಿ ತೆಗೆದೆ. ಸೋರುವುದು ಕ್ಷಾರ, ಹಾಗಾಗಿ ಹುಳಿಗೆ ಬಗ್ಗುತ್ತೆ. ಹಳೇ ಟೂತ್‌ಬ್ರಷ್ಷಿಗೆ ನಿಂಬೆರಸ ಹಚ್ಚಿ ಉಜ್ಜಿದೆ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ತುಂಡಾದ ಗೆರೆಗಳ ಮೇಲೆ ಕೂದಲೆಳೆಯಂಥ ತಂತಿ ಇಟ್ಟು ಸಾಲ್ಡರ್ ಮಾಡಿದೆ. ಕಣ್ಣಿಗೆ ಭೂತಗನ್ನಡಿ ಇಲ್ಲದಿದ್ದರೆ ಈ ಕೆಲಸ ಆಗಲ್ಲ.

ಪವರ್ ಸಪ್ಲೈನಿಂದ ಬೋರ್ಡಿಗೆ ಎರಡು ಪ್ಲಗ್ ಬರುತ್ತವೆ, ನೋಡೋಕೆ ಒಂದೇ ಥರ. ಅದಲು ಬದಲಾದರೆ ಬೋರ್ಡ್ ಸುಟ್ಟು ಹೋಗುತ್ತೆ. ಗುರುತು ಇಷ್ಟೇ: ಎರಡರ ಕಪ್ಪು ವೈರುಗಳೂ ನಡುವೆ ಅಕ್ಕಪಕ್ಕ ಬರಬೇಕು. ಇನ್ನೊಂದು, ಆ ಕಾಲದ ಕ್ಯಾಬಿನೆಟ್ಟಿನ ಮುಂದಿನ ಸ್ವಿಚ್ಚಿಗೆ ನೇರ 230 ವೋಲ್ಟ್ ಬರುತ್ತೆ. ಈಗಿನ ಥರ ಅಂದ್ಕೊಂಡು ಬೆರಳಿಡಬೇಡಿ.

ಹಾರ್ಡ್ ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಅದನ್ನೂ ನೋಡಿದೆ. ಅಷ್ಟು ಹಳೇ ಡಿಸ್ಕುಗಳನ್ನ ಈ ಅಡಾಪ್ಟರ್‌ಗಳು ಬಹುತೇಕ ಗುರುತೇ ಹಿಡಿಯಲ್ಲ. ಹಾಗಾಗಿ ಹಳೇ ಮಷೀನನ್ನೇ ಎಬ್ಬಿಸಬೇಕಾಯ್ತು. ಬ್ಯಾಟರಿ ಹೋಗಿ ಬಯಾಸ್ (ಆನ್ ಆದ ಕೂಡಲೇ ಮೊದಲು ಓಡಿ, ಯಾವ ಡಿಸ್ಕ್ ಇದೆ ಅಂತ ನೋಡುವ ಪ್ರೋಗ್ರಾಂ) ಎಲ್ಲಾ ಮರೆತಿತ್ತು. ಡಿಸ್ಕಿನ ಮೇಲಿನ ಚೀಟಿ ನೋಡಿ ಡಿಸ್ಕಿನ ಅಳತೆ ಹೇಳುವ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನ ಕೈಯಲ್ಲೇ ತುಂಬಿದೆ. ಆಗೆಲ್ಲ ಮಿತಿ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಗುಣಿಸಿ, ಸೆಕ್ಟರಿಗೆ 512 ಬೈಟ್ ಹಿಡಿದರೆ ಸುಮಾರು 528 ಎಂಬಿ. ಅದಕ್ಕಿಂತ ದೊಡ್ಡ ಡಿಸ್ಕ್ ತಂದರೂ ಹಳೇ ಬಯಾಸ್ ಅಷ್ಟನ್ನೇ ತೋರಿಸುತ್ತಿತ್ತು. ಮಾನಿಟರ್ ಹುಡುಕಬೇಕಾಗಲಿಲ್ಲ. ವಿಜಿಎ ಸಾಕೆಟ್ ಇರೋ ಎಲ್‌ಸಿಡಿ ಸಾಕಾಯ್ತು.

ಡಾಸ್ 6.22 (ಆ ಕಾಲದ ಆಪರೇಟಿಂಗ್ ಸಿಸ್ಟಮ್) ಬಂತು. ಅದರ ಹಿಂದೆಯೇ ನಾನೇ ಬರೆದಿದ್ದ ಮೆನು: 1. ಖಾತೆ, 2. ಟೆಸ್ಟಿಂಗ್. ಎಷ್ಟೇ ರ‍್ಯಾಮ್ ಇದ್ದರೂ ಸಾಮಾನ್ಯ ಡಾಸ್ ಪ್ರೋಗ್ರಾಂಗಳು ಓಡೋದು ಮೊದಲ 640 ಕೆಬಿ ಒಳಗೇ ಅಲ್ವಾ. ಕಾನ್ಫಿಗ್ ಡಾಟ್ ಸಿಸ್ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ಒಂದೊಂದು ಡ್ರೈವರನ್ನೂ (ಯಂತ್ರಭಾಗ ನಡೆಸುವ ಪುಟ್ಟ ಪ್ರೋಗ್ರಾಂ) ಮೇಲಿನ ಮೆಮೊರಿಗೆ ತಳ್ಳಿ, ಹತ್ತು ಕೆಬಿ ಉಳಿದರೆ ಕುಣಿಯುತ್ತಿದ್ದೆವು. 'ಟೆಸ್ಟಿಂಗ್' ಅಂದರೆ ಖಾತೆಗೆ ಬೇಕಾದ ಡ್ರೈವರ್ ಒಂದೂ ಇಲ್ಲದ ದಾರಿ. ಅಲ್ಲಿ ಟೆಸ್ಟ್ ಆಗುತ್ತಿದ್ದದ್ದು ಪ್ರಿನ್ಸ್ ಆಫ್ ಪರ್ಷಿಯಾ. ರಾಜಕುಮಾರಿಯನ್ನ ಬಿಡಿಸೋಕೆ ಆಟದಲ್ಲಿ 60 ನಿಮಿಷ ಟೈಮು. ಸಾಹುಕಾರ್ರು ಊಟಕ್ಕೆ ಹೋಗಿ ಬರೋದಕ್ಕೂ ಹೆಚ್ಚುಕಮ್ಮಿ ಅಷ್ಟೇ.

ಫೈಲುಗಳ ಹೆಸರು ಊರಿನ ಮೇಲೆ. ಡಾಸ್‌ನಲ್ಲಿ ಹೆಸರಿಗೆ ಎಂಟೇ ಅಕ್ಷರ. ಹರಿಹರ ಇಂಗ್ಲಿಷಿನಲ್ಲಿ ಸರಿಯಾಗಿ ಎಂಟಕ್ಕೆ ಕೂತಿತ್ತು, ಚನ್ನಗಿರಿಗೆ ಬಾಲ ಹೋಗಿತ್ತು. ಎಲ್ಲವನ್ನೂ ಪಿಕೆಜಿಪ್‌ನಲ್ಲಿ ಒತ್ತಿ 1.44 ಎಂಬಿ ಫ್ಲಾಪಿಗಳಿಗೆ ಹಾಕಿ, ಯುಎಸ್‌ಬಿ ಫ್ಲಾಪಿ ಡ್ರೈವ್‌ನಿಂದ ಲ್ಯಾಪ್‌ಟಾಪಿಗೆ ತಂದೆ.

ವರ್ಡ್‌ಸ್ಟಾರ್ (ಆಗಿನ ಟೈಪಿಂಗ್ ಪ್ರೋಗ್ರಾಂ) ಪತ್ರಗಳನ್ನ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎಷ್ಟೋ ಪದಗಳ ಕೊನೇ ಅಕ್ಷರ ಕಸ. ಹಳೇ ವರ್ಡ್‌ಸ್ಟಾರ್ ಆ ಅಕ್ಷರದ ಎಂಟನೇ ಬಿಟ್ ಅನ್ನ ತನ್ನ ಗುರುತಿಗೆ ಬಳಸುತ್ತಿತ್ತು. ಆ ಬಿಟ್ ತೆಗೆಯೋಕೆ ನಾಲ್ಕು ಸಾಲಿನ ಪೈಥಾನ್ ಪ್ರೋಗ್ರಾಂ ಸಾಕು. ಪತ್ರಗಳ ತಲೆಯ ಮೇಲೆ ಇನ್ನೂ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತಲೇ ಇತ್ತು. ನಮ್ಮದು ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಖಾತೆಗಳು ಡಿಬೇಸ್ (ಆ ಕಾಲದ ಡೇಟಾಬೇಸ್ ಪ್ರೋಗ್ರಾಂ) ಫೈಲುಗಳು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಸಲೀಸಾಗಿ ತೆರೆದವು. ಆದರೆ ಮಜಾ ಇದ್ದದ್ದು ಬೇರೆ ಕಡೆ. ಡಿಬೇಸ್‌ನಲ್ಲಿ ಡಿಲೀಟ್ ಅಂದರೆ ದಾಖಲೆಯ ಮುಂದೆ ಸುಮ್ನೆ ಒಂದು ನಕ್ಷತ್ರದ ಗುರುತು. 'ಪ್ಯಾಕ್' ಕೊಡೋವರೆಗೂ ಅದು ಫೈಲಿನಲ್ಲೇ ಇರುತ್ತೆ. ಪ್ಯಾಕ್ ಕೊಡುವ ರೂಢಿ ನಮ್ಮ ಮಂಡಿಯಲ್ಲಿ ಇರಲಿಲ್ಲ. ಎಡಿಟರ್‌ನಲ್ಲಿ ತೆರೆದರೆ ನಕ್ಷತ್ರದ ಪಕ್ಕ ಹೆಸರು, ಊರು, ಬಾಕಿ ಎಲ್ಲಾ ಹಾಗೇ ಇದೆ. ಸಾಹುಕಾರ್ರು ಕನ್ನಡಕ ಏರಿಸಿ ಒಂದೊಂದೇ ಹೆಸರು ಓದಿದರು. ಒಬ್ಬರದ್ದು ಬಂದಾಗ, "ಇವ್ನು ಈಗ ನಮ್ಮ ಬೀಗ ಆಗ್ಯಾನ, ಇದನ್ನ ಪೂರಾ ಅಳಿಸಿಬಿಡಪ್ಪಾ" ಅಂದರು. ಪ್ಯಾಕ್ ಕೊಟ್ಟೆ.