ಅರ್ಧ ಬಿ6, ಕಾಲು ಡಯಾಜೆಪಾಮ್: ಫಿಟ್ಸ್ ನಿಲ್ಲಿಸಿದ ನನ್ನ ಅನುಭವ

ಐಸೋನಿಯಾಜಿಡ್ ಕ್ಷಯರೋಗದ ಔಷಧಿ, ಅತಿಯಾದರೆ ಫಿಟ್ಸ್ ಬರಿಸುತ್ತದೆ. ಅದನ್ನು ಕೊಟ್ಟ ಇಲಿಗಳಿಗೆ ಫಿಟ್ಸ್ ತಡೆಯುವ ಡಯಾಜೆಪಾಮ್ ಜೊತೆ ವಿಟಮಿನ್ ಬಿ6 ಕೊಟ್ಟು ನೋಡುತ್ತೇನೆ ಅಂದಾಗ ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. 'ಡಯಾಜೆಪಾಮ್ ಒಂದೇ ಸಾಕಲ್ವಾ, ವಿಟಮಿನ್ ಯಾಕೆ ಸುಮ್ನೆ?' ಅಂದರು. ಮಿದುಳನ್ನು ಶಾಂತವಾಗಿಡುವ ಗಾಬಾ ಅನ್ನುವ ರಾಸಾಯನಿಕ ತಯಾರಾಗಲು ಬಿ6 ಬೇಕು, ಐಸೋನಿಯಾಜಿಡ್ ಅದನ್ನೇ ಕೆಡಿಸುತ್ತದೆ. ಗಾಬಾ ತಯಾರಾಗುವುದೇ ಕುಗ್ಗಿಹೋದ ಮೇಲೆ ಡಯಾಜೆಪಾಮ್‌ನಿಂದ ಬರೀ ರಿಸೆಪ್ಟರ್‌ಗೆ (ಗಾಬಾ ಅಂಟಿಕೊಳ್ಳುವ ಜಾಗಕ್ಕೆ) ಬಲ ತುಂಬಿ ಏನು ಬಂತು? ಡಯಾಜೆಪಾಮ್ ಜೊತೆ ಸೇರಿದರೆ ಬಿ6 ಬಲ ಹೆಚ್ಚುತ್ತದೆ ಅಂತ ನಾಯಿಗಳ ಮೇಲಿನ ಕೆಲಸ 1981ರಲ್ಲೇ ಬಂದಿದೆ. ನನಗೆ ಬೇಕಾಗಿದ್ದು ಎರಡನ್ನೂ ಎಷ್ಟು ಕಡಿಮೆ ಮಾಡಬಹುದು ಅನ್ನುವುದು.

ಇಲಿಯ ತೂಕದ ಪ್ರತಿ ಕಿಲೋಗೆ ಐಸೋನಿಯಾಜಿಡ್ 300 ಮಿಗ್ರಾಂ, ಹೊಟ್ಟೆಗೆ ಚುಚ್ಚಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಏನೂ ಆಗುವುದಿಲ್ಲ. ಆಮೇಲೆ ಇಲಿ ಒಮ್ಮೆಲೇ ಬೆಚ್ಚುತ್ತದೆ, ಬಾಲ ನಿಗುರುತ್ತದೆ, ಪಂಜರದ ಸುತ್ತ ಹುಚ್ಚಾಗಿ ಓಡಿ ಬಿದ್ದು ಹಿಂಗಾಲು ಚಾಚುತ್ತದೆ. ಬಾಗಿಲು ಬಡಿದ ಸದ್ದಿಗೂ ಶುರುವಾಗಿಬಿಡುತ್ತದೆ. ಪಕ್ಕದ ಕಟ್ಟಡದಲ್ಲಿ ಡ್ರಿಲ್ಲಿಂಗ್ ನಡೆದ ದಿನದ ಇಡೀ ಬ್ಯಾಚ್ ಎಸೆಯಬೇಕಾಯಿತು. ಇಲಿ ಒಂದಕ್ಕೆ ಸುಮಾರು ನೂರೈವತ್ತು ರೂಪಾಯಿ, ಸಾಗಣೆ ಬೇರೆ. ಔಷಧಿಗೆ ಖರ್ಚಾಗಿದ್ದು ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಡಯಾಜೆಪಾಮ್ ನಿಯಂತ್ರಿತ ಔಷಧಿ, ಅದರ ಕಾಗದಪತ್ರಕ್ಕೆ ಓಡಾಡಿ ಚಪ್ಪಲಿ ಸವೆಯಿತು.

ಕಾಟ ಕೊಟ್ಟಿದ್ದು ದ್ರಾವಣಗಳು. ಬಿ6 ದ್ರಾವಣ ಆಮ್ಲೀಯ. ಹಾಗೇ ಚುಚ್ಚಿದರೆ ಇಲಿ ಹೊಟ್ಟೆ ಎಳೆದುಕೊಂಡು ಒದ್ದಾಡುತ್ತದೆ. ಸ್ಕೋರ್ ಬರೆಯುವವರಿಗೆ ಅದೂ ಜರ್ಕ್ ಥರವೇ ಕಾಣುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಪಿಎಚ್ 6ರ ಹತ್ತಿರ ತಂದೆ, ಟ್ಯೂಬ್‌ಗೆ ಫಾಯಿಲ್ ಸುತ್ತಿದೆ. ಡಯಾಜೆಪಾಮ್ ಆಂಪೂಲನ್ನು ಸಲೈನ್‌ಗೆ ಸುರಿದರೆ ಕರಗದೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದನ್ನು ಕರಗಿಸುವ ಪ್ರೊಪಿಲೀನ್ ಗ್ಲೈಕಾಲ್ ಎಷ್ಟು, ಯಾವುದನ್ನು ಮೊದಲು ಹಾಕಬೇಕು ಅನ್ನುವುದನ್ನು ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಬಿ6 ಅನ್ನು ಐಸೋನಿಯಾಜಿಡ್‌ಗೆ ಸಮಸಮ ಕೊಡುವುದು ರೂಢಿ. ನಾನು ಕಿಲೋಗೆ 150 ಮಿಗ್ರಾಂಗೆ ಇಳಿಸಿದೆ. ಜಾಸ್ತಿ ಬಿ6 ದಿನಗಟ್ಟಲೆ ಕೊಟ್ಟರೆ ನಾಯಿಗಳ ನರ ಕೆಟ್ಟು ನಡಿಗೆ ತಪ್ಪುತ್ತದಲ್ಲ, ಹಾಗಾಗಿ ಕಡಿಮೆಯಲ್ಲೇ ಮುಗಿಸುವ ಹಟ. ಡಯಾಜೆಪಾಮ್ ಅನ್ನು ಕಿಲೋಗೆ 2ರಿಂದ ಅರ್ಧ ಮಿಗ್ರಾಂಗೆ ತಂದೆ. ಅಷ್ಟು ಡಯಾಜೆಪಾಮ್ ಒಂಟಿಯಾಗಿ ಕೊಟ್ಟಾಗ ಹೆಚ್ಚುಕಡಿಮೆ ಎಲ್ಲವಕ್ಕೂ ಫಿಟ್ಸ್ ಬಂತು. ಬಿ6 ಒಂಟಿಯಾಗಿ ತಡ ಮಾಡಿತು ಅಷ್ಟೇ. ಎರಡೂ ಸೇರಿದಾಗ ಆರರಲ್ಲಿ ಐದು ಇಲಿ ಹಿಂಗಾಲು ಚಾಚಲೇ ಇಲ್ಲ, ಮಾರನೇ ದಿನ ಕಾಳು ತಿನ್ನುತ್ತಿದ್ದವು. ಮತ್ತೊಂದು ಬ್ಯಾಚ್‌ನಲ್ಲೂ ಹೆಚ್ಚುಕಡಿಮೆ ಅದೇ ಬಂತು. ಆಗ ಒಪ್ಪದವರೇ ಈಗ ಪ್ರೋಟೋಕಾಲ್ ಕೇಳುತ್ತಿದ್ದಾರೆ.

ಕುತೂಹಲಕ್ಕೆ ಪಿಟಿಜೆಡ್ (ಪೆಂಟಿಲೀನ್‌ಟೆಟ್ರಜೋಲ್, ಫಿಟ್ಸ್ ಬರಿಸುವ ಇನ್ನೊಂದು ರಾಸಾಯನಿಕ) ಕೊಟ್ಟ ಇಲಿಗಳಲ್ಲೂ ಬಿ6 ಸೇರಿಸಿ ನೋಡಿದೆ. ಒಂದಿಷ್ಟೂ ವ್ಯತ್ಯಾಸ ಬರಲಿಲ್ಲ. ನನಗೆ ಅದು ಖುಷಿಯೇ ಕೊಟ್ಟಿತು. ಪಿಟಿಜೆಡ್ ಗಾಬಾ ರಿಸೆಪ್ಟರನ್ನೇ ಕಟ್ಟಿಹಾಕುವಾಗ ಬಿ6ಗೆ ಅಲ್ಲಿ ಕೆಲಸವಿಲ್ಲ. ಅಂದರೆ ನಮ್ಮ ಫಲಿತಾಂಶ ಬರೀ ಮಂಪರಿನದ್ದಲ್ಲ.

ಮುಂದೆ ಡಯಾಜೆಪಾಮ್ ಜಾಗದಲ್ಲಿ ಫಿಟ್ಸ್‌ನ ಇನ್ನೊಂದು ಔಷಧಿ ಫಿನೋಬಾರ್ಬಿಟೋನ್ ಇಡುವುದಿದೆ. ಎಥಿಕ್ಸ್ ಸಮಿತಿ ಒಪ್ಪಿದೆ, ಇಲಿಗಳ ದುಡ್ಡು ಇನ್ನೂ ಬರಬೇಕು.